ಪರೀಕ್ಷೆಯ ಒಂದು ಸಾಲು, 245 ವರ್ಷಗಳ ಕತೆ

ಶಬ್ದದಂಥ ಯಾಂತ್ರಿಕ ಅಲೆಗೆ ಮಾಧ್ಯಮ ಬೇಕು, ಬೆಳಕಿನಂಥ ವಿದ್ಯುತ್ಕಾಂತೀಯ ಅಲೆಗೆ ಬೇಡ. ಶಾಲೆಯಲ್ಲಿ ಇದನ್ನ ನಾನು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಈ ಒಂದು ಸಾಲಿಗೆ ಎಷ್ಟು ಕಾಲ ಹಿಡೀತು ಅನ್ನೋದು ಆಗ ಗೊತ್ತಿರಲಿಲ್ಲ.

1660ರಲ್ಲಿ ರಾಬರ್ಟ್ ಬಾಯ್ಲ್ ತನ್ನದೊಂದು ಪ್ರಯೋಗವನ್ನು ಪ್ರಕಟಿಸಿದ. ಗಾಜಿನ ಪಾತ್ರೆಯೊಳಗೆ ದಾರದಲ್ಲಿ ಗಡಿಯಾರ ತೂಗುಬಿಟ್ಟು, ಗಾಳಿಯನ್ನು ಹೊರಗೆ ಎಳೆಸಿದ್ದ. ಟಿಕ್ ಟಿಕ್ ಸದ್ದು ಕೇಳದಾಯಿತು. ಆದರೆ ನೋಡಿ, ಗಡಿಯಾರ ಕಾಣುತ್ತಲೇ ಇತ್ತು! ಅಂದ್ರೆ ಶಬ್ದ ನಿಂತ ಕಡೆ ಬೆಳಕು ನಿಂತಿರಲಿಲ್ಲ.

ಉತ್ತರ ಕಣ್ಣೆದುರೇ ಇತ್ತು, ಅಲ್ವಾ? ಆದರೂ ಒಪ್ಪೋದು ಸುಲಭವಾಗಿರಲಿಲ್ಲ. ನೀರಿಲ್ಲದೆ ತೆರೆ ಏಳುತ್ತದೆಯೇ? ಬೆಳಕೂ ಅಲೆ ಎಂದಾದ ಮೇಲೆ, ಅಲುಗಾಡಲು ಏನೋ ಒಂದು ಇರಲೇಬೇಕು ಅಂದರು. ಕಾಣದ ಆ ವಸ್ತುವಿಗೆ ಈಥರ್ ಎಂಬ ಹೆಸರಾಯಿತು. ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು 1865ರಲ್ಲಿ ಲೆಕ್ಕ ಹಾಕಿ ತೋರಿಸಿದ ಮ್ಯಾಕ್ಸ್‌ವೆಲ್ ಕೂಡ ಈಥರನ್ನು ಬಿಡಲಿಲ್ಲ.

1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ ಅದನ್ನು ಹುಡುಕಲು ಹೊರಟರು. ಪಾದರಸದ ಮೇಲೆ ತೇಲುವ ಕಲ್ಲುಚಪ್ಪಡಿ, ಅದರ ಮೇಲೆ ಕನ್ನಡಿಗಳು. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುವ ಭೂಮಿಗೆ ಈಥರ್ ಎದುರುಗಾಳಿಯಂತೆ ಬಡಿಯಬೇಕು. ಹಾಗಾದರೆ ಅಡ್ಡ ಹೋದ ಬೆಳಕಿಗೂ ಉದ್ದಕ್ಕೆ ಹೋದ ಬೆಳಕಿಗೂ ಸಮಯದಲ್ಲಿ ವ್ಯತ್ಯಾಸ ಬರಬೇಕು. ಚಪ್ಪಡಿ ತಿರುಗಿಸಿ ತಿರುಗಿಸಿ ನೋಡಿದರು. ಅವರು ಎಣಿಸಿದ ವ್ಯತ್ಯಾಸ ಸಿಗಲೇ ಇಲ್ಲ. ಮೈಕೆಲ್ಸನ್‌ಗೆ ಇದು ಸೋಲಾಗಿಯೇ ಕಂಡಿತು.

1905ರಲ್ಲಿ ಐನ್‌ಸ್ಟೈನ್ ಈಥರಿನ ಅಗತ್ಯವೇ ಇಲ್ಲ ಅಂದ. ಶಬ್ದದಲ್ಲಿ ಒಂದು ಕಣ ಪಕ್ಕದ ಕಣವನ್ನು ತಳ್ಳಬೇಕು. ಬೆಳಕಿನಲ್ಲಿ ತಳ್ಳೋ ಕಣವೇ ಬೇಡ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ಮತ್ತೆ ವಿದ್ಯುತ್ ಕ್ಷೇತ್ರವನ್ನು.

2023ರಲ್ಲಿ ಚಂದ್ರಯಾನ-3ರ ರೋವರ್ ಓಡಾಡಿದಾಗ, ಆ ಕಂಪನವನ್ನು ಲ್ಯಾಂಡರ್‌ನ ಇಲ್ಸಾ ಉಪಕರಣ ಚಂದ್ರನ ನೆಲದಿಂದಲೇ ಹಿಡಿಯಿತು. ಗಾಳಿಯಿಲ್ಲದ ಅಲ್ಲಿ ಆ ಕಂಪನ ನೆಲ ಬಿಟ್ಟು ಒಂದು ಗೇಣೂ ಮೇಲೇರಲಾರದು. ಅದರ ಸುದ್ದಿ ಮಾತ್ರ ರೇಡಿಯೊ ಅಲೆಯಾಗಿ ಸುಮಾರು 3.84 ಲಕ್ಷ ಕಿಲೋಮೀಟರ್ ದಾಟಿ ಭೂಮಿಗೆ ಬಂತು. ಬಾಯ್ಲ್‌ನ ಗಾಜಿನ ಪಾತ್ರೆಯಲ್ಲಿ ಕಂಡದ್ದೂ ಇದೇ. ಹುಡುಕಿದ್ದು ಸಿಗಲಿಲ್ಲ ಎಂದು ಮುಚ್ಚಿಡದೆ ಬರೆದಿಟ್ಟ ಆ ಇಬ್ಬರಿಗೆ ನನ್ನ ಎರಡು ಅಂಕ ಸಲ್ಲಬೇಕು.