ಅಳಿವೆಯ ಬಂಡೆಗಳೂ ಎರಡು ನದಿಗಳೂ

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಶೈವಾಲವನ್ನೂ ಶುಕ್ತಿ ಶಂಬೂಕಗಳನ್ನೂ ಮತ್ಸ್ಯ ಕರ್ಕಟಕಗಳೊಡನೆ ಒಂದೇ ಕಡೆಯಲ್ಲಿ ಪಠಿಸಿರುವನು. ಸಸ್ಯವನ್ನೂ ಪ್ರಾಣಿಯನ್ನೂ ಬೇರ್ಪಡಿಸದೆ, ಅವುಗಳಿಗೆ ಆಶ್ರಯವಾದ ನೀರನ್ನೇ ಆಧಾರವಾಗಿಟ್ಟುಕೊಂಡ ಈ ಕ್ರಮವು ಅಳಿವೆಗಳ ವಿಷಯದಲ್ಲಿ ಬಹಳ ಯುಕ್ತವಾದುದು. ಪಾಶ್ಚಾತ್ಯ ಪಂಡಿತರ ವಿಂಗಡಣೆಯೂ ಒಮ್ಮೊಮ್ಮೆ ತಿರುಗಿ ಮೊದಲಿನ ಸ್ಥಾನಕ್ಕೇ ಬರುವುದುಂಟು. ಉಪ್ಪುಸಿಹಿ ಬೆರೆತ ನೀರಿನ ಕಲ್ಲುಗಳ ಮೇಲೆ ಕರುಳಿನಂತೆ ಟೊಳ್ಳಾಗಿ ಬೆಳೆಯುವ ಹಸಿರು ಪಾಚಿಯನ್ನು ಲಿನೇಯಸನು 1753ರಲ್ಲಿ 'ಉಲ್ವಾ' ಗಣದಲ್ಲಿರಿಸಿದನು. ಮುಂದಿನ ಶತಮಾನದವರು ಅದನ್ನು 'ಎಂಟರೋಮಾರ್ಫಾ' ಎಂದು ಬೇರೆಮಾಡಿದರು. 2003ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ಲಿನೇಯಸನ ಮಾತೇ ಸರಿಯೆಂದು ನಿರ್ಣಯವಾಯಿತು.

ಕನ್ನಡನಾಡಿನಲ್ಲಿ ಇಂತಹ ತೀರಗಳ ಚರಿತ್ರೆಯನ್ನು ಅರಿಯಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಎರಡು ನದಿಗಳನ್ನು ಜತೆಯಲ್ಲಿಟ್ಟು ನೋಡಬೇಕು. ಶರಾವತಿಯು ಹೊನ್ನಾವರದಲ್ಲಿಯೂ ಅಘನಾಶಿನಿಯು ಕುಮಟೆಗೆ ಉತ್ತರದಲ್ಲಿ ತದಡಿಯ ಬಳಿಯೂ ಸಮುದ್ರವನ್ನು ಸೇರುವುವು. ನಡುವಣ ಅಂತರವು ಗಟ್ಟಿಮುಟ್ಟಾದವನಿಗೆ ಒಂದು ದಿನದ ನಡಿಗೆ. ಎರಡರ ಪಾತ್ರದಲ್ಲಿಯೂ ಮೆಣಸಿನ ದೋಣಿಗಳು ಓಡಾಡಿದುವು; ಅಘನಾಶಿನಿಯ ದಂಡೆಯ ಮಿರ್ಜಾನ್ ಕೋಟೆಯು ಆ ವ್ಯಾಪಾರದ ಗುರುತಾಗಿ ಇನ್ನೂ ನಿಂತಿದೆ.

ಅಳಿವೆಯ ಬಂಡೆಯ ಮೇಲಿನ ಬದುಕು ಸುಲಭವಾದುದಲ್ಲ. ಅಲೆಯ ಹೊಡೆತವಿಲ್ಲವೆಂಬುದೊಂದೇ ಅಲ್ಲಿಯ ಸುಖ. ಆಷಾಢ ಶ್ರಾವಣಗಳಲ್ಲಿ ಘಟ್ಟದ ನೆರೆಯಿಂದ ನೀರು ಸಪ್ಪೆಯಾಗುವುದು. ವೈಶಾಖದ ಹೊತ್ತಿಗೆ ಸಮುದ್ರದಷ್ಟೇ ಉಪ್ಪೇರುವುದು. ದಿನಕ್ಕೆರಡು ಬಾರಿ ಭರತ ಬಂದು ಮುಳುಗಿಸುವುದು, ಎರಡು ಬಾರಿ ಇಳಿತ ಬಂದು ಬಿಸಿಲಿಗೆ ಒಡ್ಡುವುದು. ಕಲ್ಲಿಗಂಟಿದ ಚಿಪ್ಪಿಯು ಪ್ರತಿಕೂಲವಾದ ನೀರು ಬಂದಾಗ ಬಾಯಿ ಮುಚ್ಚಿ ಕಾದಿರುವುದು. ಹಸಿರು ಪಾಚಿಯು ಉಪ್ಪು ಸಪ್ಪೆ ಎರಡನ್ನೂ ಸಹಿಸುವುದು. ಕಡಲಂಚಿನ ನೀಲಿಕಲ್ಲು ಒಳನೀರಿಗೆ ಹೆಚ್ಚು ದೂರ ಬಾರದು. ಬಂಡೆಗಳ ನಡುವಣ ಮರಳು ಕೆಸರುಗಳಲ್ಲಿ ಬಳಚು ಹುದುಗಿರುವುದು. ಈ ಜೀವಿಗಳು ವರ್ಷವಿಡೀ ಒಂದೇ ರುಚಿಯ ನೀರನ್ನು ಬೇಡುವುವಲ್ಲ. ಋತುವಿಗೆ ತಕ್ಕಂತೆ ಉಪ್ಪು ಏರಿಳಿಯುವುದನ್ನು ಬೇಡುವುವು.

ಶರಾವತಿಯಲ್ಲಿ ಕೆಟ್ಟದ್ದು ಈ ಏರಿಳಿತವೇ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಪೂರ್ಣವಾಗಿ, ಅದರ ನೀರಿನಿಂದ ನಡೆಯುವ ವಿದ್ಯುದಾಗಾರವು ಕ್ರಮೇಣ ಹತ್ತು ಯಂತ್ರಗಳಿಂದ 1,035 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಬೆಂಗಳೂರಿನ ದೀಪಗಳೂ ಯಶವಂತಪುರ ಜಾಲಹಳ್ಳಿಗಳ ಕಡೆಯ ಕಾರ್ಖಾನೆಗಳೂ ಬಹುಕಾಲ ನೆಚ್ಚಿಕೊಂಡಿದ್ದುದು ಇಂತಹ ಜಲವಿದ್ಯುತ್ತನ್ನೇ. ಯಂತ್ರವನ್ನು ತಿರುಗಿಸಿದ ಸಿಹಿನೀರು ಮಾತ್ರ ಬೇಸಗೆಯಲ್ಲಿಯೂ ನಿಲ್ಲದೆ ಅಳಿವೆಗೆ ಹರಿಯಿತು, ಉಪ್ಪು ಹಿಮ್ಮೆಟ್ಟಿತು, ತಿನ್ನುವ ಚಿಪ್ಪಿನ ಜೀವಿಗಳು ಅಲ್ಲಿ ಬಹುಮಟ್ಟಿಗೆ ಅಳಿದುವು. ಇಷ್ಟು ದೊಡ್ಡ ಲೆಕ್ಕದಲ್ಲಿ ಬಳಚಿನ ಬುಟ್ಟಿಯನ್ನು ಯಾರೂ ಎಣಿಸಲಿಲ್ಲ, ಎಣಿಸಬೇಕಾಗಿದ್ದಿತು.

ಇದನ್ನು ಅಳೆದು ತೋರಿಸಿದವರು ಯಶವಂತಪುರಕ್ಕೆ ಸಮೀಪದ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೆಂಬುದು ಗಮನಾರ್ಹ. ಕಟ್ಟೆಯಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿನ ಜೀವಿಗಳು ದೊರೆಯುವುವೆಂದೂ, ಎರಡು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ಅದೇ ಜೀವನೋಪಾಯವೆಂದೂ ಅವರು 2008ರಲ್ಲಿ ಪ್ರಕಟಿಸಿದರು. ಇಳಿತದ ವೇಳೆಯಲ್ಲಿ ಸೊಂಟದ ನೀರಿನಲ್ಲಿ ನಿಂತು ಬಳಚನ್ನು ಆಯುವವರಲ್ಲಿ ಹೆಂಗಸರು ಬಹಳ. ಮಾಂಸವು ಅಡಿಗೆಗೆ, ಚಿಪ್ಪು ಸುಣ್ಣದ ಗೂಡಿಗೆ. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿಶಾಲೆಯನ್ನು ತೆರೆಯಿಸಿದ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ರೂಢಿಗೆ ತಂದ ಮೇಲೆ ಮಲೆನಾಡಿನ ತೋಟಿಗರಿಗೂ ಚಿಪ್ಪುಸುಣ್ಣದ ಅಗತ್ಯ ಹೆಚ್ಚಿತು.

ಆದರೆ ಅಘನಾಶಿನಿಯೂ ಅಖಂಡವಾಗಿ ಉಳಿದಿಲ್ಲ. ಮಾಣಿಕಟ್ಟೆಯೇ ಮೊದಲಾದ ಊರುಗಳ ಗಜನಿ ಭೂಮಿಯಲ್ಲಿ, ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆದು ಉಳಿದ ಕಾಲ ಮೀನಿಗೆ ನೀರುಬಿಡುವ ಪದ್ಧತಿಯು ಸೀಗಡಿ ಕೃಷಿಯ ಲಾಭದ ಮುಂದೆ ಕುಗ್ಗಿತು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲ ವಿದ್ಯುದಾಗಾರವು ಸೂಚಿತವಾಗಿ, ಜನರ ವಿರೋಧದಿಂದ ಕೈಬಿಟ್ಟುಹೋಯಿತು. 2008ರ ಅನಂತರದ ವರ್ಷಗಳಲ್ಲಿ ಬಳಚು ಅಲ್ಲಿಯೂ ಬಹಳವಾಗಿ ಇಳಿಯಿತು. ಮರಳೆತ್ತುವಿಕೆ, ಮಿತಿಮೀರಿದ ಸಂಗ್ರಹ ಎಂದು ಕಾರಣಗಳನ್ನು ಹೇಳುವರು.

2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಯೋಚನೆಯು ಹೊರಟಾಗ ಮಲೆನಾಡಿಗರು ಅದನ್ನು ಬಲವಾಗಿ ಪ್ರತಿಭಟಿಸಿದರು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಯಲ್ಲಿ ಸೇರಿತು. ಶರಾವತಿಯ ಅಳಿವೆಯು ಅಂದು ಆ ಪಟ್ಟಿಗೆ ಸೇರಲಿಲ್ಲ.