ರಕ್ಷಣೆಯ ನಿಶ್ಚಯ

ದೇವರ ಕೃಪೆಯಿಂದ ತನಗೆ ಪಾಪಕ್ಷಮೆಯೂ ನಿತ್ಯಜೀವವೂ ದೊರೆತಿವೆ ಎಂದು ವಿಶ್ವಾಸಿಗೆ ಈ ಬದುಕಿನಲ್ಲೇ ಉಂಟಾಗುವ ಭರವಸೆಯನ್ನು ಕ್ರೈಸ್ತ ದೇವತಾಶಾಸ್ತ್ರ ರಕ್ಷಣೆಯ ನಿಶ್ಚಯ ಎಂದು ಕರೆಯುತ್ತದೆ. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ 8ನೇ ಅಧ್ಯಾಯ, ಯೋಹಾನನ ಮೊದಲನೆಯ ಪತ್ರಿಕೆ ಇದರ ಮುಖ್ಯ ಆಧಾರಗಳು.

ಮಠವಾಸಿಯಾಗಿದ್ದಾಗ ಉಪವಾಸ, ಪಾಪನಿವೇದನೆಗಳಿಂದ ನೆಮ್ಮದಿ ಕಾಣದ ಮಾರ್ಟಿನ್ ಲೂಥರ್, ನಿಶ್ಚಯದ ನೆಲೆ ಮನುಷ್ಯನ ಯೋಗ್ಯತೆಯಲ್ಲ, ಕ್ರಿಸ್ತನ ವಾಗ್ದಾನ ಎಂದು ಬೋಧಿಸಿದನು. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಇದನ್ನು ಒಪ್ಪಲಿಲ್ಲ. ತಾನು ಕೃಪೆಯಲ್ಲಿದ್ದೇನೆಂದು ಯಾರೂ ತಪ್ಪಿಲ್ಲದ ನಂಬಿಕೆಯ ಖಚಿತತೆಯಿಂದ ಅರಿಯಲಾರರು ಎಂಬುದು ಅದರ ನಿಲುವು. ಇದನ್ನು ಅವಿಶ್ವಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಸಭೆ ಶಂಕಿಸಿದ್ದು ದೇವರ ಕರುಣೆಯನ್ನಲ್ಲ, ತನ್ನನ್ನು ತಾನೇ ಅಳೆಯುವ ಮನುಷ್ಯನ ಶಕ್ತಿಯನ್ನು.

ಪ್ರಾಟೆಸ್ಟಂಟರಲ್ಲೂ ಏಕಾಭಿಪ್ರಾಯವಿರಲಿಲ್ಲ. ನಿಜವಾದ ವಿಶ್ವಾಸಿಯೂ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾದೀತು ಎಂದು 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಹೇಳಿತು. ಸಂಶಯದಿಂದ ನರಳುವವರಿಗೆ ಇದಕ್ಕಿಂತ ಮಮತೆಯ ಮಾತು ಆ ಕಾಲದ ಬೋಧನೆಗಳಲ್ಲಿ ವಿರಳ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಗೆ ಈ ಭರವಸೆ ದಕ್ಕಿದ್ದು 1738ರ ಮೇ 24ರಂದು, ಲಂಡನ್ನಿನ ಕೂಟವೊಂದರಲ್ಲಿ ಯಾರೋ ಓದುತ್ತಿದ್ದ ಲೂಥರನ ಬರಹವನ್ನು ಕೇಳುತ್ತಿದ್ದಾಗ. ಆದರೂ ಕೃಪೆಯಿಂದ ಬಿದ್ದುಹೋಗುವುದು ಸಾಧ್ಯವೆಂದೇ ಅವನು ಬೋಧಿಸಿದನು. ಕ್ಯಾಲ್ವಿನ್ ಪರಂಪರೆ ಅದನ್ನು ನಿರಾಕರಿಸುತ್ತದೆ.

1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಸಹಿ ಹಾಕಿದ ಜಂಟಿ ಘೋಷಣೆ, ವಿಶ್ವಾಸಿಗಳು ದೇವರ ವಾಗ್ದಾನಗಳನ್ನು ನೆಚ್ಚಬಹುದೆಂದು ಒಮ್ಮತದಿಂದ ಸಾರಿತು.