ಕಾಲ್ಚೆಂಡಿನ ಗುರು ಸೈಯದ್ ಅಬ್ದುಲ್ ರಹೀಮ್

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ನಮ್ಮ ಆದೋನಿಗೆ 1956ರ ನವೆಂಬರ್ 1ರಂದು ಹೈದರಾಬಾದು ರಾಜಧಾನಿಯಾಯಿತು. ಸರಿಯಾಗಿ ಒಂದು ತಿಂಗಳ ಬಳಿಕ, ಡಿಸೆಂಬರ್ 1ರಂದು, ಭಾರತದ ಕಾಲ್ಚೆಂಡು ತಂಡವು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯನವರೂ ಇದ್ದ ಆ ತಂಡವನ್ನು ರೂಪಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಮೂಲತಃ ಶಾಲಾ ಶಿಕ್ಷಕರು.

ಅವರ ಬೋಧನಕ್ರಮವೂ ಶಿಕ್ಷಕನದೇ. ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ಏರ್ಪಡಿಸಿ, ಆಟಗಾರರ ಕೊರತೆಯನ್ನೇ ಬಲವಾಗಿಸಿದರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ತಂದ ಅವರು, 1962ರಲ್ಲಿ ಕ್ಯಾನ್ಸರ್‌ಪೀಡಿತರಾಗಿಯೇ ತಂಡವನ್ನು ಜಕಾರ್ತಕ್ಕೆ ಕರೆದೊಯ್ದರು. ತಲೆಗೆ ಪೆಟ್ಟು ಬಿದ್ದಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ಮುಂಚೂಣಿಯಲ್ಲಿ ಆಡಿಸಿದರು. ಅಂತಿಮ ಪಂದ್ಯದಲ್ಲಿ ಪಿ.ಕೆ. ಬ್ಯಾನರ್ಜಿ ಹಾಗೂ ಜರ್ನೈಲರ ಗೋಲುಗಳಿಂದ ದಕ್ಷಿಣ ಕೊರಿಯ 2-1ರಿಂದ ಸೋತಿತು. ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತ ಮತ್ತೆ ಚಿನ್ನ ಕಂಡಿಲ್ಲ.

ಪದಕ ಆಟಗಾರನ ಕೊರಳಿಗೆ, ಗುರುವಿಗೆ ಅದಿಲ್ಲ. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ, ಅವರು ಗತಿಸಿ 22 ವರ್ಷಗಳ ಬಳಿಕ. ನಮ್ಮ ಗಡಿನಾಡ ಶಾಲೆಗಳ ಮಕ್ಕಳಿಗೆ ಈ ಮೇಷ್ಟರ ಹೆಸರನ್ನಾದರೂ ಹೇಳಿಕೊಡುವುದು ಶಿಕ್ಷಕರಾದ ನಮ್ಮೆಲ್ಲರ ಋಣ.